ಗೇಟಿನಾಚೆಯ ಶ್ರೀರಂಗಪಟ್ಟಣ ಯಾರದು?

ಶ್ರೀರಂಗಪಟ್ಟಣದ ಕೋಟೆ, ಗುಡಿ, ಹೊಳೆ, ರಸ್ತೆ, ಹಕ್ಕಿ, ಕಸ, ಇವುಗಳಲ್ಲಿ ಯಾವುದಾದರೂ ಒಂದರ ಜವಾಬ್ದಾರಿ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ ಮತ್ತು ಜನಪ್ರತಿನಿಧಿಗಳಿಗೆ,

ಮಾನ್ಯರೇ,

ನಮಸ್ಕಾರ. ಈ ಪತ್ರದ ಮೇಲೆ ಒಂದೇ ಇಲಾಖೆಯ ಹೆಸರು ಹಾಕಲು ನನ್ನಿಂದ ಆಗಲಿಲ್ಲ. ಕೋಟೆಗೆ ಒಬ್ಬರು, ದೇವಸ್ಥಾನಕ್ಕೆ ಇನ್ನೊಬ್ಬರು, ಹೊಳೆಯ ನೀರಿಗೆ ಬೇರೆಯವರು, ಹೊಳೆಯ ದಡದ ಕಸಕ್ಕೆ ಮತ್ತೊಬ್ಬರು, ರೈಲಿಗೆ, ಹೆದ್ದಾರಿಗೆ, ಹಕ್ಕಿಗೆ ಒಬ್ಬೊಬ್ಬರು. ಊರು ನೋಡಲು ಬಂದವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಹೇಳಿ? ಅವನ ಪಾಲಿಗೆ ಅದು ಶ್ರೀರಂಗಪಟ್ಟಣ, ಅಷ್ಟೇ. ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಯಾರ ಮೇಜಿಗೆ ಬಿದ್ದರೂ ಒಮ್ಮೆ ಪೂರ್ತಿ ಓದಿ, ಆಮೇಲೆ ಪಕ್ಕದ ಇಲಾಖೆಗೆ ಕಳಿಸಿ.

ನಾನು ಮೈಸೂರಿನಲ್ಲಿರುವವನು. ಮನೆಗೆ ನೆಂಟರು ಬಂದರೆ ಊರು ತೋರಿಸುವ ಕೆಲಸ ನನ್ನದೇ. ಅರಮನೆ, ಬೆಟ್ಟ, ಮೃಗಾಲಯ ಮುಗಿದ ಮೇಲೆ ಶ್ರೀರಂಗಪಟ್ಟಣ. ಮೈಸೂರಿನಿಂದ ಹದಿನೈದು ಹದಿನಾರು ಕಿಲೋಮೀಟರ್, ಎಷ್ಟು ಹೊತ್ತೂ ಆಗುವುದಿಲ್ಲ. ಪ್ಯಾಕೇಜ್ ಟೂರಿನವರು ಮಾಡುವುದೂ ಇದನ್ನೇ. ಮಧ್ಯಾಹ್ನದ ಊಟಕ್ಕೂ ಸಂಜೆ ಬೃಂದಾವನದ ಕಾರಂಜಿಗೂ ನಡುವೆ ಉಳಿಯುವ ಸ್ವಲ್ಪ ಹೊತ್ತಿಗೆ ಶ್ರೀರಂಗಪಟ್ಟಣವನ್ನು ತುರುಕುತ್ತಾರೆ. ದೇವಸ್ಥಾನದ ಮುಂದೆ ಇಳಿಸುವುದು, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಮುಂದೆ ಇಳಿಸುವುದು, ಟೈಮ್ ಇದ್ದರೆ ಅವನ ಸಮಾಧಿಯಿರುವ ಗುಂಬಜ್, ಇಲ್ಲದಿದ್ದರೆ ಅದೂ ಇಲ್ಲ. ಒಮ್ಮೆ ಟೆಂಪೋ ಟ್ರಾವೆಲರ್ ಡ್ರೈವರೊಬ್ಬರು ಕೋಟೆಯ ಹತ್ತಿರ ಗಾಡಿ ನಿಲ್ಲಿಸದೆ, ಕೈಯಲ್ಲೇ ತೋರಿಸಿ, "ಅದೇ ಕೋಟೆ ಸಾರ್, ನೋಡೋಕೇನಿಲ್ಲ, ಗೋಡೆ ಅಷ್ಟೇ" ಅಂದರು. ಧಾರವಾಡದಿಂದ ಬಂದಿದ್ದ ನನ್ನ ಸೋದರತ್ತೆ ಕಿಟಕಿಯಿಂದ ನೋಡಿ "ಮುಗೀತೇನು? ಇಷ್ಟಾ?" ಅಂತ ಕೇಳಿದರು. ಡ್ರೈವರ್ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹಾಗನ್ನಿಸುವಂತೆ ಇಟ್ಟಿರುವವರ ಮೇಲೆ ಇದೆ.

ಯಾಕೆಂದರೆ ಆ ಗೋಡೆಯ ಒಳಗೆ ಇರುವುದು ಏನೇನು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾವೇರಿ ಎರಡಾಗಿ ಒಡೆದು, ಸುಮಾರು ಐದು ಕಿಲೋಮೀಟರ್ ಉದ್ದದ ಒಂದು ದ್ವೀಪ ಬಿಟ್ಟು, ಪೂರ್ವದ ತುದಿಯಲ್ಲಿ ಮತ್ತೆ ಒಂದಾಗುತ್ತಾಳೆ. ಆ ದ್ವೀಪದ ಪಶ್ಚಿಮದ ತುದಿಯಲ್ಲಿ ಕೋಟೆ. ಕೋಟೆಯೊಳಗೆ ಆದಿರಂಗ, ಅಂದರೆ ರಂಗನಾಥನ ಗುಡಿ. ಗಂಗರ ಕಾಲದಲ್ಲಿ ತಿರುಮಲಯ್ಯ ಎಂಬ ಪಾಳೆಯಗಾರ ಕಟ್ಟಿಸಿದ್ದು ಅಂತ ಹೇಳುವ ಗುಡಿ, ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು, ಹೈದರ್ ಎಲ್ಲರ ಕೈ ಬಿದ್ದು ಬೆಳೆದ ಗುಡಿ. ಕಾವೇರಿಯ ದಾರಿಯಲ್ಲಿ ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರೂ ನಡುಗಡ್ಡೆಗಳೇ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಊರು ಪಡೆದರು, ಆ ವರ್ಷವೇ ಇಲ್ಲಿ ದಸರಾ ಶುರುವಾಯಿತು. ಮೈಸೂರು ದಸರಾ ಅಂತ ಲೋಕವೆಲ್ಲ ಕರೆಯುವ ಹಬ್ಬದ ತವರು ಇದು. ಇಷ್ಟು ಇರುವ ಊರಿಗೆ ಅರ್ಧ ಗಂಟೆ!

ಈಗ ನನ್ನ ದೂರಿಗೆ ಬರುತ್ತೇನೆ. ಒಂದೊಂದು ಗೇಟಿನ ಒಳಗೆ ಹೋಗಿ ನೋಡಿದರೆ ಪರಿಸ್ಥಿತಿ ಕೆಟ್ಟದಾಗಿಲ್ಲ. ದರಿಯಾ ದೌಲತ್ತಿನ ತೋಟ ಚೆನ್ನಾಗಿದೆ, ಗುಂಬಜಿನ ಆವರಣ ಚೊಕ್ಕಟವಾಗಿದೆ, ರಂಗನತಿಟ್ಟಿನಲ್ಲಿ ದೋಣಿಗಳು ಶಿಸ್ತಾಗಿ ಹೋಗುತ್ತವೆ. ಇದಕ್ಕೆಲ್ಲ ದುಡಿಯುವವರಿದ್ದಾರೆ, ಅವರಿಗೆ ಕೃತಜ್ಞತೆ ಹೇಳಲೇಬೇಕು. ಆದರೆ ಗೇಟು ದಾಟಿ ರಸ್ತೆಗೆ ಬಂದ ಕ್ಷಣದಿಂದ ಮುಂದಿನ ಗೇಟು ಸಿಗುವವರೆಗೆ ಪ್ರವಾಸಿ ಅನಾಥ. ಎಲ್ಲಿ ಹೋಗಬೇಕು, ಹೇಗೆ ಹೋಗಬೇಕು, ಎಲ್ಲಿ ಕೂರಬೇಕು, ಶೌಚಾಲಯ ಎಲ್ಲಿದೆ, ಈ ಮುರಿದ ಕಟ್ಟಡ ಯಾವುದು, ಈ ಹೊಳೆಗೆ ಇಳಿಯಬಹುದಾ ಬೇಡವಾ, ಯಾವುದಕ್ಕೂ ಉತ್ತರ ಕೊಡುವವರಿಲ್ಲ. ಪ್ರತಿಯೊಬ್ಬರೂ ತಮ್ಮ ಕಾಂಪೌಂಡ್ ನೋಡಿಕೊಳ್ಳುತ್ತಾರೆ. ಊರನ್ನು ನೋಡಿಕೊಳ್ಳುವವರು ಯಾರು?

ರೈಲು ನಿಲ್ದಾಣದಿಂದಲೇ ನೋಡಿ. ನಿಲ್ದಾಣ ಕೋಟೆಯ ಒಳಗೇ ಇದೆ, ಇಂಥ ಭಾಗ್ಯ ಎಷ್ಟು ಊರಿಗಿದೆ? ಇಳಿದು ನಡೆದರೆ ರಂಗನಾಥನ ಗುಡಿ, ಕರ್ನಲ್ ಬೈಲಿ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನ ಬಂದೀಖಾನೆ, ಟಿಪ್ಪುವಿನ ದೇಹ ಸಿಕ್ಕಿದ ಜಾಗ, ನೀರಿನ ಬಾಗಿಲು, ಎರಡು ಮಿನಾರಿನ ಮಸೀದಿ, ಬೆಂಗಳೂರು ಬಾಗಿಲು, ಎಲ್ಲವೂ ಕಾಲ್ನಡಿಗೆಯ ದೂರ. ಅರ್ಧ ದಿನ ಸುಮ್ನೆ ತಿರುಗಾಡಬಹುದು. ಆದರೆ ನಿಲ್ದಾಣದಿಂದ ಹೊರಬಂದು ನಿಂತರೆ, ಊರಿನ ಪೂರ್ತಿ ನಕಾಶೆ ತೋರಿಸುವ ಒಂದು ಬೋರ್ಡು ನನಗೆ ಕಾಣಲಿಲ್ಲ. ಮೊಬೈಲಿನಲ್ಲಿ ನೋಡಿಕೊಳ್ಳಿ ಅನ್ನಬಹುದು. ಮೊಬೈಲು ದಾರಿ ತೋರಿಸುತ್ತದೆ, ಸರಿ. ಯಾವುದನ್ನು ಮೊದಲು ನೋಡಿದರೆ ಕಥೆ ಅರ್ಥವಾಗುತ್ತದೆ ಅಂತ ಅದು ಹೇಳುವುದಿಲ್ಲ.

ಕಥೆ ಅಂದೆನಲ್ಲ, ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕೋಟೆಯ ವಾಯವ್ಯ ಮೂಲೆಯಲ್ಲಿ ಒಂದು ಸ್ಮಾರಕ ಕಂಬ ಇದೆ, 1907ರಲ್ಲಿ ನಿಲ್ಲಿಸಿದ್ದು. 1799ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗ ಅದರ ಹತ್ತಿರವೇ. ಅಲ್ಲಿಗೆ ಬರುವವರೇ ಕಡಿಮೆ. ಬಂದವರು ಕಂಬದ ಮುಂದೆ ಸೆಲ್ಫಿ ತೆಗೆದು ಹೋಗುತ್ತಾರೆ. ಆದರೆ ಅಲ್ಲಿ ನಿಂತು ಹೊಳೆಯ ಕಡೆ ತಿರುಗಿದರೆ ಇಡೀ 1799 ಅರ್ಥವಾಗುತ್ತದೆ. ದಾಳಿ ನಡೆದದ್ದು ಮೇ 4ರ ಮಧ್ಯಾಹ್ನ. ಮೇ ತಿಂಗಳು, ಹೊಳೆಯಲ್ಲಿ ನೀರು ಕಡಿಮೆ, ಬಂಡೆಗಳು ಮೇಲೆದ್ದಿರುತ್ತವೆ. ಸೈನಿಕರು ಹೊಳೆಯನ್ನು ನಡೆದೇ ದಾಟಿದರು. ಇನ್ನೊಂದಷ್ಟು ದಿನ ತಡೆದಿದ್ದರೆ ಕೊಡಗಿನಲ್ಲಿ ಮಳೆ ಹಿಡಿದು ಹೊಳೆ ತುಂಬುತ್ತಿತ್ತು, ಮುತ್ತಿಗೆ ಹಾಕಿದವರು ಆಚೆ ದಡದಲ್ಲೇ ಕೂರಬೇಕಿತ್ತು. ಅವರಿಗೂ ಇದು ಗೊತ್ತಿತ್ತು, ಕೋಟೆಯೊಳಗಿದ್ದವರಿಗೂ ಗೊತ್ತಿತ್ತು. ಈ ಊರಿಗೆ ನಿಜವಾದ ಕೋಟೆ ಕಲ್ಲಿನದಲ್ಲ, ನೀರಿನದು. ನನ್ನ ತಂಗಿಯ ಮಗಳಿಗೆ, ಎಂಟನೇ ಕ್ಲಾಸಿನವಳು, ಅಲ್ಲಿ ನಿಲ್ಲಿಸಿ ಇಷ್ಟು ಹೇಳಿದ ಮೇಲೆ ಅವಳು ಹೊಳೆಯನ್ನೇ ನೋಡುತ್ತ, "ಮಾವ, ಹಾಗಾದರೆ ಜೂನ್‌ನಲ್ಲಿ ಬಂದಿದ್ದರೆ ಸೋಲ್ತಿದ್ರಾ?" ಅಂತ ಕೇಳಿದಳು. ಪಾಠದ ಪುಸ್ತಕ ಓದಿ ಅವಳಿಗೆ ಈ ಪ್ರಶ್ನೆ ಬಂದಿರಲಿಲ್ಲ. ಇದನ್ನು ಹೇಳಲು ನಿಮಗೆ ಬೇಕಾಗುವುದು ನಾಲ್ಕು ಸಾಲು, ಒಂದು ಚಿತ್ರ, ಒಂದು ಬೋರ್ಡು.

ಈಗ ಇರುವ ಬೋರ್ಡುಗಳು ಎಂಥವು ಅಂತ ನಿಮಗೇ ಗೊತ್ತು. ಈ ಸ್ಮಾರಕ ಇಂಥ ಕಾಯ್ದೆಯ ಪ್ರಕಾರ ರಕ್ಷಿತ, ಹಾಳು ಮಾಡಿದರೆ ಇಷ್ಟು ದಂಡ, ಇಷ್ಟು ಜೈಲು. ಕಾಯ್ದೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಬೋರ್ಡಿನ ಪಕ್ಕದ ಗೋಡೆಯ ಮೇಲೆಯೇ ಹೃದಯ ಬರೆದು, ಬಾಣ ಹಾಕಿ, ಎರಡು ಹೆಸರು ಕೆತ್ತಿದ್ದಾರೆ. ದಂಡ ಓದಿ ಯಾರೂ ಹೆದರಲಿಲ್ಲ ಅಂತಾಯಿತು. ಆ ಗೋಡೆ ಯಾವುದು, ಅಲ್ಲಿ ಏನಾಯಿತು ಅಂತ ತಿಳಿದಿದ್ದರೆ ಕೆಲವರಾದರೂ ಕೈ ತಡೆಯುತ್ತಿದ್ದರೇನೋ. ಬಂದೀಖಾನೆಯ ಒಳಗೆ ಬಿದ್ದಿರುವ ಫಿರಂಗಿ ನೋಡಿ "ಇದನ್ನ ಇಲ್ಲಿ ಯಾಕಿಟ್ಟಿದ್ದಾರೆ?" ಅಂತ ಕೇಳುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಅದನ್ನು ಯಾರೂ ಇಟ್ಟದ್ದಲ್ಲ. 1799ರ ಕಾಳಗದಲ್ಲಿ ಮೇಲಿನ ಬುರುಜಿನಿಂದ ಚಾವಣಿ ಒಡೆದುಕೊಂಡು ಕೆಳಗೆ ಬಿದ್ದದ್ದು, ಹಾಗೇ ಉಳಿದಿದೆ ಅಂತ ಹೇಳುತ್ತಾರೆ. ಇಷ್ಟು ಹೇಳಿದರೆ ಸಾಕು, ಮಕ್ಕಳು ಆ ಚಾವಣಿಯನ್ನು ಎರಡನೇ ಸಲ ನೋಡುತ್ತಾರೆ.

ಹೇಳದೆ ಬಿಟ್ಟ ಕಥೆಗಳು ಇನ್ನೂ ಇವೆ. ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ಇಲ್ಲಿ ಜ್ವರ ಹಬ್ಬಿ ಊರು ಖಾಲಿಯಾಗುತ್ತಾ ಬಂತು. ಅರಮನೆ ಇತ್ತಲ್ಲ, ಲಾಲ್ ಮಹಲ್, ಅದನ್ನು ಕೆಡವಿದರು. ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದವರು ಮೇಲೆ ನೋಡಿದರೆ ಕಾಣುವ ತೊಲೆಗಳು ಟಿಪ್ಪುವಿನ ಅರಮನೆಯಿಂದ ಹೋದವು. ದರಿಯಾ ದೌಲತ್ತಿನಲ್ಲಿ ಕೆಲವು ಕಾಲ ಇದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ನೆಪೋಲಿಯನ್ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಆದ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ ಕಲ್ಲು ಸೇತುವೆಗೆ ವೆಲ್ಲೆಸ್ಲಿ ಅಂತ ಹೆಸರು, ಅದು ಇವನದ್ದಲ್ಲ, ಗವರ್ನರ್ ಜನರಲ್ ಆಗಿದ್ದ ಅಣ್ಣನದ್ದು. ಹೊಳೆ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಬ್ರಿಟಿಷ್ ಅಧಿಕಾರಿಗಳ ಜೊತೆಗೆ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಮಲಗಿದ್ದಾರೆ. ಎಲ್ಲಿಯ ಸ್ವಿಟ್ಜರ್ಲೆಂಡು, ಎಲ್ಲಿಯ ಪಟ್ಟಣ! ಪ್ಯಾಕೇಜಿನಲ್ಲಿ ಬರುವವರು ಆ ಕಡೆ ತಲೆಯೂ ಹಾಕುವುದಿಲ್ಲ, ಹೇಳುವವರಿದ್ದರೆ ಹೋಗಿಯೇ ಹೋಗುತ್ತಾರೆ.

ಹೊಳೆಯ ವಿಷಯ. ಇದನ್ನು ಬರೆಯುವುದಕ್ಕೇ ನಾನು ಮುಖ್ಯವಾಗಿ ಕೂತಿದ್ದು.

ಪಶ್ಚಿಮವಾಹಿನಿ ಅಂದರೆ ಏನು ಅಂತ ಈ ಸೀಮೆಯವರಿಗೆ ಹೇಳಬೇಕಿಲ್ಲ. ಪೂರ್ವಕ್ಕೆ ಹರಿಯುವ ಕಾವೇರಿ ಇಲ್ಲಿ ಒಂದಿಷ್ಟು ದೂರ ಪಶ್ಚಿಮಕ್ಕೆ ತಿರುಗುತ್ತಾಳೆ. ಅದಕ್ಕೇ ಇಲ್ಲಿ ಅಸ್ಥಿ ಬಿಟ್ಟರೆ ಪುಣ್ಯ ಅನ್ನುವ ನಂಬಿಕೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಇಲ್ಲಿ ಬಿಟ್ಟಿದ್ದಾರೆ. ನಮ್ಮ ತಂದೆಯ ಅಸ್ಥಿಯನ್ನೂ ನಾವು ಇಲ್ಲೇ ಬಿಟ್ಟೆವು. ಆ ದಿನ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟಾಗ ಕಾಲಿಗೆ ಸಿಕ್ಕಿದ್ದು ಮರಳಲ್ಲ, ಬಟ್ಟೆ. ಯಾರದೋ ಪಂಚೆ, ಯಾರದೋ ಸೀರೆ, ಕೊಳೆತು ಜಾರುತ್ತಿತ್ತು. ತಮ್ಮ ಬೀಳುವವನಿದ್ದ, ಪುರೋಹಿತರು ಕೈ ಹಿಡಿದರು. ಪಕ್ಕದಲ್ಲಿ ಪ್ಲಾಸ್ಟಿಕ್ ಕವರುಗಳು, ಒಡೆದ ಮಡಕೆ, ಅರಿಶಿನ ಕುಂಕುಮದ ಪ್ಯಾಕೆಟ್ಟು, ಶಾಂಪೂ ಸ್ಯಾಶೆ, ಗಾಜು ಒಡೆದ ದೇವರ ಫೋಟೋ. ಮನೆಯ ಹಿರಿಯರನ್ನು ಕಳುಹಿಸಿಕೊಡಲು ಬಂದ ಜಾಗದಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದೆವು. ನನ್ನ ತಾಯಿ ಏನೂ ಮಾತಾಡಲಿಲ್ಲ. ಬಟ್ಟೆ ಬದಲಾಯಿಸಲು ಹೆಂಗಸರಿಗೆ ಒಂದು ಮರೆ ಅಂತ ಹುಡುಕಿದೆವು, ಕೊನೆಗೆ ಕಾರಿನ ಬಾಗಿಲಿಗೆ ಟವೆಲ್ ಕಟ್ಟಿದೆವು.

ಇದು ಯಾರ ತಪ್ಪು? ಬಟ್ಟೆ ಬಿಟ್ಟವರದ್ದೇ, ಅನುಮಾನವಿಲ್ಲ. ಈ ಪತ್ರ ಓದುವ ಭಕ್ತರಿಗೂ ಪ್ರವಾಸಿಗಳಿಗೂ ಇದನ್ನು ಹೇಳಬೇಕು: ಉಟ್ಟ ಬಟ್ಟೆ ಹೊಳೆಯಲ್ಲಿ ಬಿಟ್ಟರೆ ಪಾಪ ಹೋಗುವುದಿಲ್ಲ, ಕೆಳಗಿನ ಊರಿಗೆ ಹೋಗುತ್ತದೆ. ಇದೇ ನೀರನ್ನು ಮುಂದೆ ಜನ ಕುಡಿಯುತ್ತಾರೆ, ಬೆಂಗಳೂರಿಗೂ ಪಂಪು ಮಾಡುತ್ತಾರೆ. ಆದರೆ ಬರೀ ಜನರನ್ನು ಬೈದು ಕೂತರೆ ಹೊಳೆ ಶುದ್ಧವಾಗುವುದಿಲ್ಲ. "ಬಟ್ಟೆ ಎಸೆಯಬೇಡಿ" ಅಂತ ಬೋರ್ಡು ಹಾಕಿದರೆ ಸಾಲದು, ಮತ್ತೆಲ್ಲಿ ಹಾಕಬೇಕು ಅಂತ ತೋರಿಸಬೇಕು. ಮೆಟ್ಟಿಲಿನ ಮೇಲೆಯೇ ದೊಡ್ಡ ಬುಟ್ಟಿಗಳು ಬೇಕು, ದಿನಾ ಖಾಲಿ ಮಾಡುವ ಒಬ್ಬ ಮನುಷ್ಯ ಬೇಕು, ಅವನಿಗೆ ತಿಂಗಳು ತಿಂಗಳು ಸರಿಯಾಗಿ ಸಂಬಳ ಬೇಕು. ಇನ್ನೊಂದು ಮಾತು. ದಂಡದ ಬೋರ್ಡಿಗಿಂತ ಪುರೋಹಿತರ ಬಾಯಿಮಾತಿಗೆ ಜಾಸ್ತಿ ಬೆಲೆ. ದುಃಖದಲ್ಲಿರುವ ಜನ ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾರೆ. "ಪಿಂಡ ಇಲ್ಲಿ ಬಿಡಿ, ಬಟ್ಟೆ ಆ ಬುಟ್ಟಿಗೆ ಹಾಕಿ, ಕವರು ವಾಪಸ್ ತೆಗೆದುಕೊಂಡು ಹೋಗಿ" ಅಂತ ಸಂಕಲ್ಪದ ಜೊತೆಗೇ ಹೇಳಿಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಅವರನ್ನು ಕೂರಿಸಿ ಮಾತಾಡಿ. ನಾನು ಮಾತಾಡಿಸಿದವರು "ನಮ್ಮನ್ನ ಯಾರೂ ಕೇಳೇ ಇಲ್ಲ ಸ್ವಾಮಿ" ಅಂದರು.

ಕಾವೇರಿಯ ಕವಲುಗಳು ಮತ್ತೆ ಒಂದಾಗುವ ಸಂಗಮದ ಕಥೆ ಬೇರೆ. ಅಲ್ಲಿ ಭಯ. ಭಾನುವಾರ ಬಂದರೆ ಕಾಲೇಜು ಹುಡುಗರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಎಲ್ಲರೂ ನೀರಿಗಿಳಿಯುತ್ತಾರೆ. ಮೇಲೆ ನೋಡಿದರೆ ನೀರು ಶಾಂತ. ಒಳಗೆ ಎಲ್ಲಿ ಬಂಡೆ ಮುಗಿದು ಮಡು ಶುರುವಾಗುತ್ತದೆ ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಹತ್ತಿರದ ಬಲಮುರಿ, ಎಡಮುರಿಗಳಲ್ಲೂ ಇದೇ ಪಾಡು, ಜೀವ ಹೋದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿ ನೀರು ಬಿಟ್ಟರೆ ನೋಡನೋಡುತ್ತಲೇ ಹೊಳೆ ಏರುತ್ತದೆ, ರಂಗನತಿಟ್ಟಿನ ದೋಣಿ ನಿಲ್ಲುತ್ತದೆ, ಘಟ್ಟಗಳು ಮುಳುಗುತ್ತವೆ. ಟಿವಿ ನೋಡುವ ನಮಗೆ ಗೊತ್ತು. ಹುಬ್ಬಳ್ಳಿಯಿಂದಲೋ ಕೇರಳದಿಂದಲೋ ಹೊರಟು ಬಂದವರಿಗೆ ಗೇಟಿನ ಮುಂದೆ ಬಂದು ನಿಂತ ಮೇಲೆ ಗೊತ್ತಾಗುತ್ತದೆ. ಊರಿಗೆ ಬರುವ ದಾರಿಯಲ್ಲೇ ಇವತ್ತು ಏನು ತೆರೆದಿದೆ, ಏನು ಮುಚ್ಚಿದೆ, ಹೊಳೆಗೆ ಇಳಿಯಬಹುದಾ ಅಂತ ಹೇಳುವ ಒಂದು ಬೋರ್ಡು ಇಟ್ಟರೆ ಏನು ಕಷ್ಟ? ಸಂಗಮದಲ್ಲಿ ತೆಪ್ಪ ನಡೆಸುವ ಅಂಬಿಗರಿದ್ದಾರೆ. ಎಲ್ಲಿ ಸುಳಿ, ಎಲ್ಲಿ ಮಡು ಅಂತ ಅವರಿಗೆ ಕಣ್ಣು ಮುಚ್ಚಿ ಗೊತ್ತು. ರಜಾ ದಿನಗಳಲ್ಲಿ ಅವರಿಗೇ ಕೂಲಿ ಕೊಟ್ಟು, ಜಾಕೆಟ್ ಕೊಟ್ಟು, ಕಾವಲಿಗೆ ನಿಲ್ಲಿಸಿ. ಮಾಸಿದ ಅಕ್ಷರದ "ಅಪಾಯ" ಬೋರ್ಡಿಗಿಂತ ಅವರ ಒಂದು ಕೂಗು ವಾಸಿ.

ಇನ್ನು ಓಡಾಟ. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಬೆಂಗಳೂರಿನಿಂದ ಬರುವವರು ಊರಿನ ಪಕ್ಕದ ಬೈಪಾಸಿನಲ್ಲಿ ಹೋಗಿಬಿಡುತ್ತಾರೆ. ಪ್ರಯಾಣ ಸಲೀಸಾಯಿತು, ಒಪ್ಪುತ್ತೇನೆ, ನಾನೂ ಅದರಲ್ಲೇ ಹೋಗುತ್ತೇನೆ. ಆದರೆ ಹಳೆ ರಸ್ತೆಯ ಬದಿಯ ಹೋಟೆಲಿನವರು, ಕಬ್ಬಿನ ಹಾಲಿನವರು, ಸೌತೆಕಾಯಿ ಮಾರುವ ಅಜ್ಜಿಯರು ಕೈ ಕಟ್ಟಿ ಕೂತಿದ್ದಾರೆ. ಬೈಪಾಸಿನಲ್ಲಿ ಹೋಗುವವನನ್ನು ಒಳಗೆ ಕರೆಯುವಂಥದ್ದು ಏನೂ ಇಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ಬಂದವರ ಪಾಡು ಇನ್ನೂ ಕಷ್ಟ. ಕೋಟೆಯಿಂದ ದರಿಯಾ ದೌಲತ್ ಸುಮಾರು ಒಂದು ಕಿಲೋಮೀಟರ್, ಅಲ್ಲಿಂದ ಗಂಜಾಂ ದಾಟಿ ಗುಂಬಜ್, ಮುಂದೆ ಸಂಗಮ, ಈ ಕಡೆ ನಿಮಿಷಾಂಬ ದೇವಸ್ಥಾನ. ಬಿಸಿಲಲ್ಲಿ ವಯಸ್ಸಾದವರು ನಡೆಯಲಾರರು. ಆಟೋದವರು ಕೇಳಿದ್ದೇ ರೇಟು. ಅವರನ್ನೂ ಬೈಯಲಾರೆ, ಶನಿವಾರ ಭಾನುವಾರ ಬಿಟ್ಟರೆ ಅವರಿಗೂ ಬಾಡಿಗೆ ಇಲ್ಲ. ರೈಲು ನಿಲ್ದಾಣದಿಂದ ಹೊರಟು ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ ಸುತ್ತಿ ವಾಪಸ್ ಬರುವ ಒಂದು ಸಣ್ಣ ಬಸ್ಸು, ಒಂದೇ ದಿನದ ಟಿಕೆಟ್, ಎಲ್ಲಿ ಬೇಕಾದರೂ ಇಳಿದು ಹತ್ತುವ ಹಾಗೆ. ಊರಿನ ಆಟೋದವರಿಗೇ ನಿಗದಿ ರೇಟಿನಲ್ಲಿ ಈ ಕೆಲಸ ವಹಿಸಿದರೂ ಆಯಿತು. ಪಾರ್ಕಿಂಗ್ ಹೆಸರಲ್ಲಿ ಹೋದ ಹೋದ ಕಡೆ ಹೊಸ ಚೀಟಿ ಹರಿಯುವುದೂ ಇದರಿಂದ ತಪ್ಪುತ್ತದೆ.

ಸುತ್ತಮುತ್ತಲಿನ ಜಾಗಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಪತ್ರ ಉದ್ದವಾಗುತ್ತಿದೆ. ಕರಿಘಟ್ಟದ ಮೇಲೆ ನಿಂತರೆ ಇಡೀ ದ್ವೀಪ, ಲೋಕಪಾವನಿ ಬಂದು ಸೇರುವುದು, ಗದ್ದೆಗಳ ಹಸಿರು, ಎಲ್ಲ ಒಟ್ಟಿಗೆ ಕಾಣುತ್ತದೆ. ಊರು ನೋಡಲು ಶುರು ಮಾಡಬೇಕಾದ್ದು ನಿಜವಾಗಿ ಅಲ್ಲಿಂದ. ಬೇಸಿಗೆಯಲ್ಲಿ ಆ ಗುಡ್ಡದ ಹುಲ್ಲಿಗೆ ಬೆಂಕಿ ಬೀಳುತ್ತದೆ, ಬೀಡಿ ಸಿಗರೇಟು ಸೇದುವವರನ್ನು ಬುಡದಲ್ಲೇ ತಡೆಯುವವರು ಬೇಕು. ತೊಣ್ಣೂರು ಕೆರೆ, ಮೇಲುಕೋಟೆಗಳಿಗೆ ಶ್ರೀರಂಗಪಟ್ಟಣದಿಂದ ಹೋಗಿಬರಬಹುದು ಅಂತ ಊರಿನಲ್ಲಿ ಇಳಿದವರಿಗೆ ಯಾರಾದರೂ ಹೇಳಬೇಕು. ರಂಗನತಿಟ್ಟು ಮಾತ್ರ ಹೇಗಿರಬೇಕೋ ಹಾಗಿದೆ. ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಅರಸರು 1940ರಲ್ಲಿ ಅಭಯಾರಣ್ಯ ಮಾಡಿದರು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಮೊದಲನೆಯದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. ದೋಣಿ ನಡೆಸುವವರು ಹಕ್ಕಿಯ ಹೆಸರು, ಅದು ಎಲ್ಲಿಂದ ಬರುತ್ತದೆ, ಯಾವಾಗ ಮೊಟ್ಟೆ ಇಡುತ್ತದೆ ಎಲ್ಲ ಹೇಳುತ್ತಾರೆ. ಜನ ಗಪ್‌ಚಿಪ್ಪಾಗಿ ಕೇಳುತ್ತಾರೆ, ಯಾರೂ ಚಿಪ್ಸ್ ಪ್ಯಾಕೆಟ್ ನೀರಿಗೆ ಎಸೆಯುವುದಿಲ್ಲ. ಅದೇ ಜನ, ಅದೇ ದಿನ, ಅದೇ ಕಾವೇರಿ. ಸಂಗಮಕ್ಕೆ ಬಂದರೆ ಎಸೆಯುತ್ತಾರೆ. ಯಾಕೆ ಅಂತ ನೀವೇ ಯೋಚಿಸಿ.

"ಇಲಾಖೆಗಳು ಬೇರೆ ಬೇರೆ, ಒಟ್ಟಿಗೆ ಕೆಲಸ ಮಾಡುವುದು ಕಷ್ಟ" ಅನ್ನುವ ಉತ್ತರ ಬರುತ್ತದೆ ಅಂತ ಗೊತ್ತು. ಅದಕ್ಕೆ ನಿಮ್ಮದೇ ಊರಿನ ಒಂದು ಘಟನೆ ನೆನಪಿಸುತ್ತೇನೆ. ಬೆಂಗಳೂರು ಮೈಸೂರು ರೈಲು ಮಾರ್ಗ ಜೋಡಿ ಮಾಡುವಾಗ ಸಿಡಿಮದ್ದು ಇಡುತ್ತಿದ್ದ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಆ ಇಡೀ ಕಟ್ಟಡವನ್ನು, ಇಟ್ಟಿಗೆ ಗಾರೆ ಸಮೇತ, ಜಾಕಿಗಳ ಮೇಲೆ ಎತ್ತಿ ನೂರು ಮೀಟರಿಗೂ ಜಾಸ್ತಿ ದೂರ ಸರಿಸಿದರು. ರೈಲಿನವರು, ಪುರಾತತ್ವದವರು, ಎಂಜಿನಿಯರುಗಳು ಒಟ್ಟಿಗೆ ನಿಂತು ಮಾಡಿದ ಕೆಲಸ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಮದ್ದಿನ ಮನೆಯನ್ನೇ ಸರಿಸಿದವರಿಗೆ ಒಂದು ಕಸದ ಬುಟ್ಟಿ ಇಡುವುದು ಯಾವ ಇಲಾಖೆ ಅಂತ ತೀರ್ಮಾನಿಸುವುದು ಕಷ್ಟ ಅಂದರೆ ನಂಬುವುದು ಹೇಗೆ?

ಹಾಗಾಗಿ ಕೇಳುವುದು ದೊಡ್ಡದೇನಲ್ಲ. ಕೋಟಿಗಟ್ಟಲೆಯ ಯೋಜನೆ ಬೇಡ, ಬಣ್ಣದ ಲೈಟು ಬೇಡ, ದಡದಲ್ಲಿ ಕಾಂಕ್ರೀಟ್ ಪಾರ್ಕು ಅಂತೂ ಬೇಡವೇ ಬೇಡ. ಮೊದಲು ಬೇಕಾದ್ದು ಒಬ್ಬ ಅಧಿಕಾರಿ. ಗೇಟುಗಳ ನಡುವಿನ ಊರಿಗೆ ಜವಾಬ್ದಾರರಾಗಿ, ಒಂದು ಕೋಣೆ, ಒಂದು ಫೋನು, ಹೊರಗೆ ತೂಗುಹಾಕಿದ ಹೆಸರು. ಕೋಟೆಯವರಿಗೂ ಹೊಳೆಯವರಿಗೂ ಪುರಸಭೆಯವರಿಗೂ ಫೋನು ಮಾಡಿ ಕೆಲಸ ತೆಗೆಯುವ ಅಧಿಕಾರ ಇರಬೇಕು. ದೂರು ಕೊಟ್ಟವನಿಗೆ "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನುವ ಹಾಗಿರಬಾರದು. ನಾನೇ ಕಳೆದ ಬಾರಿ ಘಟ್ಟದ ಬಟ್ಟೆಯ ಬಗ್ಗೆ ಒಂದು ಕಚೇರಿಗೆ ಹೋಗಿ, ಅವರು ಹೇಳಿದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮತ್ತೆ ಮೊದಲನೆಯದಕ್ಕೇ ಕಳಿಸಿಕೊಂಡು ಬಂದವನು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿಸಿದರು, ಒಂದು ಕಡೆ ಕಾಫಿಯೂ ಸಿಕ್ಕಿತು. ಕೆಲಸ ಮಾತ್ರ ಆಗಲಿಲ್ಲ.

ಆಮೇಲೆ ಬೋರ್ಡು, ಬಸ್ಸು, ನಕಾಶೆ. ಬೋರ್ಡುಗಳನ್ನು ಬರೆಸುವಾಗ ದಯವಿಟ್ಟು ಕನ್ನಡದಲ್ಲಿ ಮೊದಲು ಬರೆಸಿ, ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಹಾಗಿರುವುದು ಬೇಡ. ಊರಿನಲ್ಲೇ ಇತಿಹಾಸ ಓದಿರುವ ಮೇಷ್ಟ್ರುಗಳಿದ್ದಾರೆ, ಅವರನ್ನು ಕೇಳಿ. ಕಥೆಯನ್ನು ಪೂರ್ತಿ ಹೇಳಿ. ರಂಗನಾಥನೂ ಇರಲಿ, ಒಡೆಯರೂ ಇರಲಿ, ಹೈದರ್ ಟಿಪ್ಪುವೂ ಇರಲಿ, ಪೂರ್ಣಯ್ಯನವರೂ ಇರಲಿ. ಒಬ್ಬರನ್ನು ಸೇರಿಸಲು ಇನ್ನೊಬ್ಬರನ್ನು ಅಳಿಸುವ ಕೆಲಸ ಬೇಡ. ಈ ಊರಿನ ಹೆಸರು ಹೇಳಿ ಜಗಳ ಕಾಯುವವರು ಬೇಕಾದಷ್ಟಿದ್ದಾರೆ, ಊರಿನ ಚರಂಡಿ ಎಲ್ಲಿ ಹೋಗಿ ಬೀಳುತ್ತದೆ ಅಂತ ಕೇಳುವವರು ಮಾತ್ರ ಕಡಿಮೆ. ಆ ಚರಂಡಿ ನೀರು ಶುದ್ಧವಾಗದೆ ಹೊಳೆಗೆ ಹೋಗಬಾರದು, ಇದನ್ನೂ ಈ ಪತ್ರದಲ್ಲಿ ಸೇರಿಸಿಕೊಳ್ಳಿ.

ಕೊನೆಗೆ ಒಂದು ಗಡುವು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಮಹಾಲಯ ಅಮಾವಾಸ್ಯೆಗೆ ತರ್ಪಣ ಬಿಡಲು ಜನ ಎಲ್ಲೆಲ್ಲಿಂದಲೋ ಪಶ್ಚಿಮವಾಹಿನಿಗೆ, ಸಂಗಮಕ್ಕೆ ಬರುತ್ತಾರೆ. ಅದಾದ ಕೂಡಲೇ ನವರಾತ್ರಿ, ಕಿರಂಗೂರು ಬನ್ನಿಮಂಟಪದಿಂದ ಇಲ್ಲಿಯ ದಸರಾ ಮೆರವಣಿಗೆ. ಈ ವರ್ಷದ ಅಮಾವಾಸ್ಯೆಯೊಳಗೆ ಎರಡೂ ಘಟ್ಟಗಳಲ್ಲಿ ಬಟ್ಟೆಯ ಬುಟ್ಟಿಗಳು, ಹೆಂಗಸರಿಗೆ ಬಟ್ಟೆ ಬದಲಾಯಿಸುವ ಕೋಣೆ, ನೀರು ಬರುವ ಶೌಚಾಲಯ, ದಡದಲ್ಲಿ ಇಬ್ಬರು ಅಂಬಿಗರ ಕಾವಲು, ಇಷ್ಟನ್ನು ಮಾಡಿಕೊಡಿ. ಬಾಕಿಯದ್ದಕ್ಕೆ ಸಂಕ್ರಾಂತಿಯ ಲಕ್ಷ ದೀಪೋತ್ಸವದವರೆಗೆ ಸಮಯ ತೆಗೆದುಕೊಳ್ಳಿ. ಅಮಾವಾಸ್ಯೆಯ ದಿನ ಬೆಳಿಗ್ಗೆ ಘಟ್ಟದಲ್ಲಿ ನಿಂತು ಬಂದವರಿಗೆ ಬುಟ್ಟಿ ತೋರಿಸಲು ಜನ ಬೇಕಾದರೆ ನಾನೂ ನನ್ನ ತಮ್ಮನೂ ಬರುತ್ತೇವೆ, ಎಷ್ಟು ಗಂಟೆಗೆ ಅಂತ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ನಿವಾಸಿ